ಗೀಜಗನ ಗೂಡಿನ ಪಾಲು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗನೂ ಅವನ ಹೆಂಡತಿಯೂ ಮುನಿಸಿಕೊಂಡು ವಿಚ್ಛೇದನಕ್ಕೆ ನಿಂತರು. ಗೂಡಿನಲ್ಲಿ ಇದ್ದದ್ದು ಒಂದೇ ಮೊಟ್ಟೆ.

“ನೇಯ್ದವನು ನಾನು, ಗೂಡು ನನ್ನದು,” ಎಂದ ಗಂಡ.

“ಒಳಗೆ ಮೆತ್ತಗೆ ಹಾಸಿ ಅದನ್ನು ಮನೆ ಮಾಡಿದವಳು ನಾನು,” ಎಂದಳು ಹೆಂಡತಿ.

ಅವನು ಒಂದು ಕಾಗೆಯನ್ನು ವಕೀಲಿಕೆಗೆ ಹಿಡಿದ. ತಾನೇನು ಕಡಿಮೆ ಎಂದು ಅವಳು ಇನ್ನೊಂದು ಕಾಗೆಯನ್ನು ಹಿಡಿದಳು.

“ಬಾಯಿಮಾತು ನಿಲ್ಲೋದಿಲ್ಲಮ್ಮ, ಸಾಕ್ಷಿ ಬೇಕು. ನೀವು ತಂದ ಎಳೆಗಳನ್ನೆಲ್ಲ ಕಿತ್ತು ನನ್ನ ವಶಕ್ಕೆ ಕೊಡಿ,” ಎಂದಿತು ಅವಳ ಕಾಗೆ. ಅವನ ಕಾಗೆಯೂ ಅವನಿಗೆ ಅದನ್ನೇ ಹೇಳಿತ್ತು. ಅವನು ಒಂದೆಳೆ ಕಿತ್ತರೆ ಅವಳು ಹಠಕ್ಕೆ ಬಿದ್ದು ಎರಡು ಕಿತ್ತಳು. ಕೊನೆಗೆ ಮೊಟ್ಟೆ ಇಡಲೂ ಗೂಡು ಉಳಿಯದೆ, ವ್ಯಾಜ್ಯ ಮುಗಿಯುವ ತನಕ ಇರಲಿ ಎಂದು ಅದನ್ನೂ ವಕೀಲರಿಗೇ ಒಪ್ಪಿಸಿದರು.

ಮರುದಿನ ಅವಳು ವಿಚಾರಿಸಲು ಹೋದಾಗ ಎರಡೂ ಕಾಗೆಗಳು ಆ ಎಳೆಗಳನ್ನು ತಮ್ಮದೇ ಗೂಡಿಗೆ ಹಾಸುತ್ತಿದ್ದವು.

“ನೀವಿಬ್ಬರೂ ಗಂಡ ಹೆಂಡತಿಯಾ?”

“ಹೌದಮ್ಮ. ನಮಗೆ ಜಗಳ ಆಡೋಕೆ ಪುರುಸೊತ್ತೆಲ್ಲಿ? ನಿಮ್ಮಂಥವರದೇ ಬೇಕಾದಷ್ಟಿದೆ.”

“ನನ್ನ ಮೊಟ್ಟೆ ಯಾರ ಪಾಲಿಗೆ ಬಂತು?”

ಅವಳ ಕಾಗೆ ಕೊಕ್ಕಿಗಂಟಿದ ಹಳದಿಯನ್ನು ಕೊಂಬೆಗೆ ಒರೆಸಿಕೊಂಡಿತು. “ಅದರ ಬಗ್ಗೆ ಇನ್ನು ತಕರಾರೇ ಇಲ್ಲ, ನಿಮ್ಮ ಯಜಮಾನರಿಗೂ ಸಿಗಲಿಲ್ಲ. ಈಗ ಜೀವನಾಂಶಕ್ಕೆ ಬರೋಣ. ಅವರ ಹತ್ತಿರ ಇನ್ನೇನು ಉಳಿದಿದೆ, ಹೇಳಿ.”

ಅವನಿಗೂ ಸಿಗಲಿಲ್ಲ ಎಂದು ಕೇಳಿದ್ದೇ, ಉಕ್ಕಿ ಬರುತ್ತಿದ್ದ ಅವಳ ಅಳು ಅರ್ಧಕ್ಕೇ ನಿಂತಿತು. ಕೊಂಚ ಯೋಚಿಸಿ ಹೇಳಿದಳು:

“ರೆಕ್ಕೆಯಲ್ಲಿ ಗರಿಗಳಿವೆ.”