ಎಲೆ ತುಂಬಾ ಉಪ್ಪಿನಕಾಯಿ

ನಮ್ಮ ಪಂಚಾಯಿತಿಯ ನೀರಿನ ಮೋಟಾರ್ ಸುಟ್ಟುಹೋಗಿ ಊರಿಗೆ ಊರೇ ಬಾಯಾರಿ ಕೂತಿತ್ತು. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಗುಡುಗಿದರು: "ಸರ್ಕಾರದ ಅನುದಾನ ಬಂದಿರೋದು ಸ್ವಾಗತ ಕಮಾನಿಗೆ. ಅದನ್ನ ಮೋಟಾರಿಗೆ ಅಂತ ಮುಟ್ಟಿದ್ರೆ ನಿಮ್ಮೆಲ್ಲರ ಕೆಲಸ ಹೋಗುತ್ತೆ!"

ಊರಿಗೆ ನೀರು ಬಿಡುವ ದೊಡ್ಡೀರಯ್ಯ "ಊಟಕ್ಕೆ ಏಳಿ ಸ್ವಾಮಿ" ಅಂದ.

ಎಲೆ ಹಾಕಿ ಉಪ್ಪಿನಕಾಯಿ ಬಡಿಸಿದ. ಒಳಗೆ ಹೋಗಿ ಬಂದು ಮತ್ತೆ ಉಪ್ಪಿನಕಾಯಿಯನ್ನೇ ಬಡಿಸಿದ. ಎಲೆಯೆಲ್ಲ ಕೆಂಪಾಯಿತು.

"ಅನ್ನ ಎಲ್ಲಯ್ಯ?"

"ಒಳಗೆ ಬೇಕಾದಷ್ಟಿದೆ ಸ್ವಾಮಿ. ಆದ್ರೆ ಈ ಎಲೆಗೆ ಮಂಜೂರಾಗಿರೋದು ಉಪ್ಪಿನಕಾಯಿ ಮಾತ್ರ. ಬೇರೆ ಬಡಿಸಿದ್ರೆ ನನ್ನ ಕೆಲಸ ಹೋಗುತ್ತೆ."

ಹಸಿದಿದ್ದ ಸಾಹೇಬರು ಸಿಟ್ಟಿನಲ್ಲಿ ಒಂದು ಹೋಳು ಬಾಯಿಗೆ ಹಾಕಿಕೊಂಡರು. ಕಣ್ಣು, ಮೂಗು ಎರಡೂ ಸುರಿದವು. "ನೀರು! ನೀರು ಕೊಡಯ್ಯ!"

"ಅದಕ್ಕೆ ಮೋಟಾರ್ ರಿಪೇರಿ ಆಗ್ಬೇಕಲ್ಲ ಸ್ವಾಮಿ."

ಸಾಹೇಬರು ಅವನನ್ನೇ ದಿಟ್ಟಿಸಿದರು. ಆಮೇಲೆ ಕೆಮ್ಮುತ್ತಲೇ ನಕ್ಕುಬಿಟ್ಟರು. "ಕಮಾನಿನ ದುಡ್ಡಲ್ಲೇ ಮೋಟಾರ್ ಮಾಡಿಸ್ರಯ್ಯ. ಮೇಲಿನವರಿಗೆ ನಾನು ಹೇಳ್ಕೋತೀನಿ."

ದೊಡ್ಡೀರಯ್ಯ ಬಾಗಿಲ ಮರೆಯಲ್ಲಿಟ್ಟಿದ್ದ ಮಜ್ಜಿಗೆ ಚೊಂಬು ತಂದು ಮುಂದಿಟ್ಟ.

"ಕುಡೀರಿ ಸ್ವಾಮಿ. ಇದು ಊರವರು ಕೊಡೋ ಅನುದಾನ. ಷರತ್ತೇನೂ ಇಲ್ಲ."