ಆಚೆ ದಂಡೆಗೆ ಹೋದ ಜೋಳ

ಹೊಳೆಯ ಆಚೆ ದಂಡೆ ಬೇರೆ ರಾಜ್ಯ. ಅಲ್ಲಿಯ ಒಂದು ಹಳ್ಳಿಗೆ ಬೆಂಕಿ ಬಿದ್ದು ಕಣಜಗಳೆಲ್ಲ ಸುಟ್ಟುಹೋದವು.

ಈಚೆ ದಂಡೆಯ ಆಶ್ರಮದಲ್ಲಿ ಮರುಳಜ್ಜ ಶಿಷ್ಯನನ್ನು ಕರೆದರು. "ಕೊಟ್ರಯ್ಯಾ, ಇರೋ ಎರಡು ಮೂಟೆ ಜೋಳದಲ್ಲಿ ಒಂದನ್ನು ದೋಣಿಗೆ ಹಾಕು."

ಉಗ್ರಾಣ ಕೊಟ್ರಯ್ಯನ ಸುಪರ್ದಿ. ಅವನು ಬಾಗಿಲಿಗೆ ಅಡ್ಡ ನಿಂತ.

"ಏನಜ್ಜಾರೇ ಇದು! ನಮ್ಮ ಕೇರಿಯವರೇ ಅರೆಹೊಟ್ಟೆಯಲ್ಲಿದ್ದಾರೆ. ಪರರಾಜ್ಯದವರಿಗೆ ಯಾಕೆ? ಮೊದಲು ನಮ್ಮವರು!"

ಅಜ್ಜನ ಮುಖ ಅರಳಿತು. "ಭಲೇ! ಹಾಗಾದರೆ ಇವತ್ತು ನಮ್ಮವರನ್ನೇ ಊಟಕ್ಕೆ ಕರಿ."

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಉಣ್ಣುವ ಮೊದಲು ಒಬ್ಬರು ಹೊಸ್ತಿಲಲ್ಲಿ ನಿಂತು, "ಹಸಿದವರಿದ್ದರೆ ಬನ್ನಿ" ಎಂದು ಕೂಗಬೇಕು. ಈ ಪುಣ್ಯಾತ್ಮ ಕೊಟ್ರಯ್ಯ ದಿನವೂ ಕೂಗುತ್ತಿದ್ದ, ಪಕ್ಕದಲ್ಲಿ ಮಲಗಿದ ಬೆಕ್ಕಿಗೂ ಎಚ್ಚರವಾಗದ ಹಾಗೆ. ಜನ ಬಂದರೆ ಉಗ್ರಾಣ ಬರಿದಾದೀತೆಂಬ ಹೆದರಿಕೆ ಅವನಿಗೆ.

"ಇವತ್ತು ಗಂಟಲು ಬಿಚ್ಚಪ್ಪಾ," ಅಂದರು ಅಜ್ಜ.

ಕೂಗಿದ. ಕೇರಿಗೆ ಕೇರಿಯೇ ಬಂತು. ಒಂದು ಮೂಟೆ ಜೋಳ ಪೂರ್ತಿ ಅಂಬಲಿಯಾಯಿತು. ಅಜ್ಜ ತಾವೇ ಸೌಟು ಹಿಡಿದು ಬಡಿಸಿದರು. ಮಕ್ಕಳು ಮತ್ತೆ ಮತ್ತೆ ಬಟ್ಟಲು ಒಡ್ಡಿದವು.

ಕೊಟ್ರಯ್ಯ ಹಿಗ್ಗಿಹೋದ. ಬುಟ್ಟಿ ಹೆಣೆಯುವ ಹಾಲವ್ವನ ಹತ್ತಿರ ಹೋಗಿ, "ನೋಡವ್ವಾ, ಅಜ್ಜ ನಿಮ್ಮ ಪಾಲನ್ನ ಆಚೆ ದಂಡೆಗೆ ಕಳಿಸೋರಿದ್ದರು. ನಾನೇ ತಡೆದೆ!" ಎಂದ.

ಹಾಲವ್ವ ಸೊಂಟದ ಮೇಲೆ ಕೈಯಿಟ್ಟಳು. "ಹೌದೇನೋ ನಮ್ಮಪ್ಪಾ? ಇಷ್ಟು ವರ್ಷ ನಿನ್ನ ಗೋಡೆ ಮಗ್ಗುಲಿಗೇ ಇದ್ದೀವಿ, ಒಂದಿನಾನೂ ನೆನಪಾಗಲಿಲ್ಲ. ಬ್ಯಾರೇರಿಗೆ ಕೊಡಬ್ಯಾಡ ಅನ್ನಾಕ ಮಾತ್ರ ನಮ್ಮ ಹೊಟ್ಟಿ ನೆನಪಾತೇನು?"

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. ಕೊಟ್ರಯ್ಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ.

"ಎಲ್ಲೈತಿ ಆ ಮೂಟಿ?" ಹಾಲವ್ವ ಸೆರಗು ಬಿಗಿದಳು. "ಆಚೀಗೆ ಕೂಸುಗಳು ಅಳತಿರ್ತಾವು. ಏಳ್ರೋ, ಒಂದು ಕೈ ಹಚ್ಚರಿ!"

ಕೇರಿಯವರೇ ಮೂಟೆ ಹೊತ್ತರು. ಕೊಟ್ರಯ್ಯನೂ ಹೆಗಲು ಕೊಟ್ಟ. ದೋಣಿ ಹೊರಟಾಗ ಎಲ್ಲರೂ ಹೋ ಎಂದು ಕೂಗಿದರು, ಅವನದೇ ದೊಡ್ಡ ದನಿ.

ಸಂತೋಷ ಇಳಿದ ಮೇಲೆ ಉಗ್ರಾಣಕ್ಕೆ ಹೋಗಿ ಇಣುಕಿದ. ಓಡಿ ಬಂದ.

"ಅಜ್ಜಾರೇ, ಇವರೂ ಉಂಡರು, ಅವರಿಗೂ ಹೋಯಿತು. ಒಳಗೆ ಒಂದು ಕಾಳಿಲ್ಲ. ನಾಳೆ ನಮ್ಮ ಗತಿ?"

ಅಜ್ಜ ನಕ್ಕು ಅವನ ಬೆನ್ನು ತಟ್ಟಿದರು.

"ನಾಳೆ ಹಸಿದವರು ನಾವೇ ಕಣೋ. ಆಗ ನಮ್ಮವರು ಯಾರು ಅಂತ ನೀನೇ ಹೇಳುವೆಯಂತೆ."