ಮೆಟ್ಟಿಲ ಮೇಲಿನ ನೊರೆ

"ಗುರುಗಳೇ, ಎಚ್ಚರವಾಗಿರುವವನಿಗೆ ವಿಮೆ ಯಾಕೆ ಬೇಕು?" ಎಂದು ಶಿಷ್ಯ ಕೇಳಿದ.

ಮಠದ ಶಾಲೆಯ ಬೇಸಿಗೆ ಶಿಬಿರ ಅವನ ಹೊಣೆಯಾಗಿತ್ತು. ಮಕ್ಕಳ ಆಟಕ್ಕೆ ವಿಮೆ ಮಾಡಿಸಿ ಎನ್ನುತ್ತ ಬಂದಿದ್ದ ಏಜೆಂಟನನ್ನು ಬೆಳಿಗ್ಗೆಯಷ್ಟೇ ಸಾಗಹಾಕಿದ್ದ. "ಏಳು ವರ್ಷದಿಂದ ಶಿಬಿರ ನಡೆಸುತ್ತಿದ್ದೇನೆ. ನನ್ನಿಂದ ಒಬ್ಬರಿಗೂ ನೋವಾಗಿಲ್ಲ" ಎಂದ.

ಗುರುಗಳು ಸುಮ್ಮನೆ ನಕ್ಕು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ನೊರೆಯಾಟದವನಿದ್ದ. ಹುಟ್ಟುಹಬ್ಬ, ಶಾಲೆಯ ಸಂತೋಷಕೂಟ ಎಂದರೆ ಜನ ಅವನನ್ನು ಕರೆಸುತ್ತಿದ್ದರು. ಅವನ ಯಂತ್ರ ಸೋಪಿನ ನೊರೆ ಉಗುಳುತ್ತಿತ್ತು, ಮಕ್ಕಳು ಅದರೊಳಗೆ ಕುಣಿಯುತ್ತಿದ್ದರು. ನೋಡುವವರಿಗೆ ಅದು ಹುಡುಗಾಟ, ಅವನಿಗಲ್ಲ. ಆಟಕ್ಕೆ ಮುಂಚೆ ನೆಲದ ಮೇಲೆಲ್ಲ ಬರಿಗಾಲಲ್ಲಿ ನಡೆದು ಕಲ್ಲುಮುಳ್ಳು ಆರಿಸುತ್ತಿದ್ದ. ಹುಲ್ಲು ನೆಲವಾದರೆ ಸರಿ, ನುಣುಪು ಕಲ್ಲಿನ ಅಂಗಳವಾದರೆ ಒಲ್ಲೆ ಎನ್ನುತ್ತಿದ್ದ. ಕರೆಂಟಿನ ತಂತಿಯನ್ನು ನೊರೆಗೆ ಎಟುಕದಂತೆ ದೂರ ಕಟ್ಟಿಸುತ್ತಿದ್ದ. ಆಮೇಲೆ ಬಂದ ಮಕ್ಕಳಲ್ಲಿ ಎಲ್ಲರಿಗಿಂತ ಗಿಡ್ಡ ಮಗುವನ್ನು ಹುಡುಕಿ, ಅದರ ಸೊಂಟದ ಎತ್ತರಕ್ಕೆ ಒಂದು ಕೋಲಿಗೆ ಕೆಂಪು ದಾರ ಕಟ್ಟುತ್ತಿದ್ದ. ನೊರೆ ದಾರ ಮುಟ್ಟಿತೋ, ಯಂತ್ರ ನಿಂತಿತು. ಯಾರು ಎಷ್ಟು ಗೋಗರೆದರೂ ಅಷ್ಟೇ. ಇಂಥವನನ್ನು ಮೆಚ್ಚದೆ ಇರುವುದು ಹೇಗೆ?

ಇಷ್ಟಿದ್ದೂ ಅವನು ವರ್ಷ ತಪ್ಪದೆ ವಿಮೆ ಕಟ್ಟುತ್ತಿದ್ದ. ತನಗಾಗಿ ಅಲ್ಲ, ತನ್ನ ಆಟದಿಂದ ಯಾರಿಗಾದರೂ ಪೆಟ್ಟಾದರೆ ಅವರಿಗಾಗಿ. ಯಂತ್ರ ನಡೆಸುತ್ತಿದ್ದ ಅವನ ಭಾಮೈದ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ರೇಗಿಸುತ್ತಿದ್ದ. ರೇಗಿಸಲು ಕಾರಣವೂ ಇತ್ತು. ಹನ್ನೊಂದು ವರ್ಷದಲ್ಲಿ ಅವರ ಆಟದಲ್ಲಿ ಒಬ್ಬರೂ ಬಿದ್ದಿರಲಿಲ್ಲ. ನೊರೆಯಾಟದವನಿಗೆ ಆ ಮಾತೇ ಹೆಮ್ಮೆ, ಆ ಮಾತೇ ಹೊಟ್ಟೆಪಾಡು. ಹೊಸ ಮನೆಗೆ ಹೋದರೆ ಮೊದಲು ಅದನ್ನೇ ಹೇಳುತ್ತಿದ್ದ.

ಒಂದು ದಿನ ಒಬ್ಬ ಸಾಹುಕಾರನ ಮನೆಯ ಹಿತ್ತಿಲಲ್ಲಿ ಆಟ ಮುಗಿಯಿತು. ಮಕ್ಕಳು ಊಟಕ್ಕೆಂದು ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಪಾತ್ರೆ ಉರುಳಿದ ಸದ್ದಾಯಿತು. ಅಡುಗೆಯಾಕೆ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಳು. ಬಲಗೈ ಮುರಿದಿತ್ತು. ಅವಳ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಆ ಕೈಯಿಂದಲೇ.

"ಕೆಳಗೆ ನೋಡಿ ನಡೆದರೆ ತಾನೇ" ಎಂದ ಸಾಹುಕಾರ. ಅಡುಗೆಯಾಕೆಯೂ ನೋವು ನುಂಗಿಕೊಂಡು, "ಹೌದು ಸ್ವಾಮಿ, ತಪ್ಪು ನಂದೇ" ಎಂದಳು.

ಆಟದ ಜಾಗ ಅಲ್ಲಿಂದ ಇಪ್ಪತ್ತು ಮಾರು ದೂರ. ನೊರೆಯಾಟದವನ ಕಡೆ ಯಾರೂ ತಿರುಗಿ ನೋಡಲಿಲ್ಲ. ಯಂತ್ರ ಆಗಲೇ ಗಾಡಿ ಏರಿತ್ತು. ಹೊರಟುಬಿಡೋಣ ಎಂದು ಅವನಿಗೂ ಅನಿಸಿತು, ಸುಳ್ಳು ಯಾಕೆ ಹೇಳಲಿ? ಆದರೆ ಅವನು ಬಾಗಿದ. ಮೆಟ್ಟಿಲನ್ನು ಬೆರಳಿನಿಂದ ಉಜ್ಜಿ ಮೂಗಿಗೆ ಹಿಡಿದ. ಅವನದೇ ಸೋಪಿನ ವಾಸನೆ. ಹನ್ನೊಂದು ವರ್ಷ ಅವನು ಆಡುವ ನೆಲವನ್ನೆಲ್ಲ ಮೈಯೆಲ್ಲ ಕಣ್ಣಾಗಿ ಕಾದಿದ್ದ. ಮಕ್ಕಳ ಒದ್ದೆ ಕಾಲಿನ ಜೊತೆ ನೊರೆಯೂ ಎದ್ದು ಹೋಗುತ್ತದೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

"ತಪ್ಪು ನಿಮ್ಮದಲ್ಲ ಅಮ್ಮಾ. ಇದು ನನ್ನ ನೊರೆ" ಎಂದ.

ಭಾಮೈದ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಭಾವ, ಇರಲಾರದೆ ಇರುವೆ ಬಿಟ್ಕೊಂಡ್ರಲ್ಲ! ಇನ್ಮೇಲೆ ಒಬ್ರೂ ಬಿದ್ದಿಲ್ಲ ಅಂತ ಹೇಳೋದು ಹೇಗೆ?"

"ಹೇಳೋದು ಬೇಡ" ಎಂದ ಅವನು.

ಯಂತ್ರವನ್ನು ಕೆಳಗಿಳಿಸಿ, ಅದೇ ಗಾಡಿಯಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ನಡೆದದ್ದನ್ನು ನಡೆದ ಹಾಗೆಯೇ ವಿಮೆಯವರಿಗೆ ಬರೆದುಕೊಟ್ಟ. ಕೈಯ ಕಟ್ಟು ಬಿಚ್ಚುವವರೆಗೆ ಅವಳ ಔಷಧಿಯೂ ಕೂಲಿಯೂ ಆ ವಿಮೆಯಿಂದ ಬಂದವು. ಅವಳ ಮನೆಯಲ್ಲಿ ಒಂದು ಹೊತ್ತೂ ಒಲೆ ಆರಲಿಲ್ಲ.

ಮರುವರ್ಷ ನೊರೆಯಾಟದವನನ್ನು ಕರೆಸಿದ ಮನೆಗಳು ಕಡಿಮೆಯಾದವು. ಕರೆಸಿದ ಮನೆಯಲ್ಲಿ ಅವನು ಮೊದಲು, "ನನ್ನ ಆಟದಲ್ಲಿ ಒಬ್ಬರು ಬಿದ್ದಿದ್ದಾರೆ" ಎನ್ನುತ್ತಿದ್ದ. ಆಮೇಲೆ ಆಟದ ಜಾಗದಿಂದ ಬಾಗಿಲವರೆಗೆ ಗೋಣಿತಾಟು ಹಾಸಿ, ಕಾಲು ತೊಳೆಯಲು ಬಕೆಟ್ಟಿನಲ್ಲಿ ನೀರಿಟ್ಟು, ಕೆಂಪು ದಾರ ಕಟ್ಟಲು ಗಿಡ್ಡ ಮಗುವನ್ನು ಹುಡುಕುತ್ತಿದ್ದ.

ಕತೆ ಮುಗಿಯಿತು. ಶಿಷ್ಯನ ಕಣ್ಣು ತುಂಬಿತ್ತು. "ಎಂಥ ಮನುಷ್ಯ, ಗುರುಗಳೇ! ಅವನು ಬಾಗಿ ನೋಡದಿದ್ದರೆ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ" ಎಂದ.

ಗುರುಗಳು ಕೇಳಿದರು: "ನಿನ್ನಿಂದ ಒಬ್ಬರಿಗೂ ನೋವಾಗಿಲ್ಲ ಎಂದೆಯಲ್ಲ, ಮೆಟ್ಟಿಲು ಮುಟ್ಟಿ ನೋಡಿ ಹೇಳಿದೆಯೋ?"